ಅಣಬೆ ಏಳದ ವರ್ಷ

ಬಸ್ಸು ನಿಲ್ಲುವ ಕಡೆ, ಪೈನ್ ಮರದ ಬುಡಕ್ಕೆ
ನನ್ನ ಹಸಿರು ಗೂಡಂಗಡಿ. ಒಳಗೊಂದು ತಕ್ಕಡಿ,
ಹನ್ನೊಂದು ಖಾಲಿ ಕ್ರೇಟು, ಲೆಕ್ಕದ ಉದ್ದ ಪುಸ್ತಕ.
ಸೆಪ್ಟೆಂಬರ್ ಮೂರರ ಎದುರು ಕೊನೆಯ ಸಾಲು:
ಯಾನೀನಾ, ಆರುನೂರು ಗ್ರಾಮು, ಅರ್ಧ ಹುಳು ಹಿಡಿದದ್ದು.
ಆಮೇಲಿನ ಪುಟದಲ್ಲಿ ನೊಣ ಕೂತೆದ್ದ ಗುರುತು.

ಈ ಜೂಕಿಯಾದ ಮರಳಿನಲ್ಲಿ ರೈ ಬೆಳೆ ಅಷ್ಟಕ್ಕಷ್ಟೇ.
ನಮ್ಮ ಹೊಲವೆಂದರೆ ಕಾಡು. ಬಿತ್ತುವುದು ಮಳೆ.
ನಾಲ್ಕು ದಿನ ಮಂಜು ಗಟ್ಟಿಯಾಗಿ ಕೂತರೆ ಸಾಕು,
ಪಾಚಿಯ ಹಾಸನ್ನು ನೆತ್ತಿಯಿಂದ ಗುದ್ದಿ
ಕಂದು ಟೊಪ್ಪಿಗೆಯವು ಏಳುತ್ತಿದ್ದವು,
ಶಾಲೆ ಬಿಟ್ಟ ಮಕ್ಕಳ ಹಾಗೆ, ಸಾಲು ಕೆಡಿಸಿ.
ಈ ವರ್ಷ ಪಾಚಿ ಕಾಲಡಿಯಲ್ಲಿ ಹಪ್ಪಳ.

ಅಕ್ಟೋಬರ್ ಇಪ್ಪತ್ತು. ಅಂಗಿಯ ತೋಳು ಮಡಚಿದ್ದೇನೆ.
ವೆರುಟೆಯ ಅಂಗಳದ ಸೇಬಿನ ಮರಕ್ಕೆ ಬುದ್ಧಿ ಕೆಟ್ಟು
ಒಂದೇ ಒಂದು ಕೊಂಬೆ ಹೂ ಬಿಟ್ಟಿದೆ;
ಕೆಳಗೆ ಕೊಳೆತ ಹಣ್ಣಿನ ಮೇಲೆ ಬಿಳಿ ದಳ.
ಯಾವ ಹಬ್ಬವೆಂದು ತಿಳಿಯದ ಕಣಜಗಳು
ಎರಡನ್ನೂ ಆಚರಿಸುತ್ತಿವೆ.
ಪಟ್ಟಣದವರು ಬಂದು, ಎಂಥ ಸೊಗಸಾದ ಹವೆ, ಅನ್ನುತ್ತಾರೆ;
ಊಲಾ ಹೊಳೆಗೆ ದೋಣಿ ಇಳಿಸಿ, ಮರಳು ತಾಗಿ, ತಾವೂ ಇಳಿದು
ದೋಣಿಯನ್ನೇ ಹೆಗಲಿಗೇರಿಸಿ ನಡೆಯುತ್ತಾರೆ.
ಸೊಗಸು ಹೌದು.
ಅದನ್ನು ತೂಗುವ ಬಟ್ಟು ನನ್ನ ಹತ್ತಿರ ಇಲ್ಲ.

ವೆರುಟೆ ಮಾತ್ರ ದಿನಾ ಬೆಳಿಗ್ಗೆ ಹೊರಡುತ್ತಾಳೆ,
ಎಪ್ಪತ್ತಾರರ ಮೊಣಕಾಲು, ಬೆತ್ತದ ಬುಟ್ಟಿ,
ಸವೆದು ಸವೆದು ಬಿದಿಗೆ ಚಂದ್ರನಾದ ಚಾಕು.
ಅವಳಿಗೆ ಜಾಗಗಳು ಗೊತ್ತು. ಯಾರಿಗೂ ಹೇಳಿಲ್ಲ, ನನಗೂ.
ಮಧ್ಯಾಹ್ನ ಬಂದು ತಕ್ಕಡಿಗೆ ಬುಟ್ಟಿ ಇಡುತ್ತಾಳೆ.
ತೂಗುತ್ತೇನೆ. ಬುಟ್ಟಿಯ ತೂಕ ಕಳೆದರೆ ಸೊನ್ನೆ.
"ಬರಿ," ಅನ್ನುತ್ತಾಳೆ.
ಬರೆಯುತ್ತೇನೆ.

ಅಷ್ಟರಲ್ಲಿ ಸತ್ತವರ ದಿನ ಬಂತು.
ನಮ್ಮ ಸ್ಮಶಾನವಿರುವುದೂ ಪೈನುಗಳ ಅಡಿಯಲ್ಲೇ.
ಬೇರೆ ವರ್ಷವಾದರೆ ಸಮಾಧಿಗೊಂದು ದೀಪ, ಕೆಂಪು ಗಾಜಿನೊಳಗೆ;
ತುಂತುರಿನಲ್ಲಿ ಇಡೀ ದಿಬ್ಬ
ಬೂದಿ ಮುಚ್ಚಿದ ಕೆಂಡದ ಹಾಗೆ ಉಸಿರಾಡುತ್ತಿತ್ತು.
ಈ ಸಲ ಗೇಟಿಗೆ ಅರಣ್ಯ ಇಲಾಖೆಯ ಕಾಗದ:
ಸಿಗರೇಟು ಕೂಡದು. ಮೇಣದಬತ್ತಿ ಕೂಡದು.
ಪಕ್ಕದಲ್ಲಿ ಬಕೆಟ್ಟು ಬೋರಲು ಹಾಕಿ ಕಾವಲು ಕೂತವನು
ಹತ್ತೊಂಬತ್ತರ ಹುಡುಗ, ವೈಡಾಸ್.
ತನ್ನ ಅಜ್ಜಿಯನ್ನೇ ತಡೆಯಬೇಕು, ಪಾಪ.
ಕತ್ತಲಲ್ಲಿ ಅವರಿಗೆ ದಾರಿ ಹೇಗೋ, ಎಂದರು ಮುದುಕಿಯರು.
ಪಾದ್ರಿ ಆಕಾಶ ನೋಡಿದರು, ಕಾಗದ ನೋಡಿದರು,
ಕೆಮ್ಮಿ ಸುಮ್ಮನಾದರು.

ಆಗ ಬಂದಳು ವೆರುಟೆ,
ಎರಡೂ ಕೈಯಲ್ಲಿ ಹಾಲಿನ ಕ್ಯಾನು, ತುಂಬ ನೀರು.
ಅವಳ ಪ್ರಾನಾಸ್, ಮೂವತ್ತೊಂದು ಬೇಸಿಗೆ
ಕಾಡಿನ ನಡುವೆ ಗೋಪುರ ಹತ್ತಿ ಹೊಗೆ ಹುಡುಕಿದವನು.
ಸಂಜೆಯ ವರದಿ ಹೆಚ್ಚಾಗಿ ಒಂದೇ ಮಾತು: ಇಲ್ಲ.
ಇಲ್ಲ, ಇಲ್ಲ, ಇಲ್ಲ ಎಂದು ಬರೆದೇ
ಮನೆ ನಡೆಸಿದವನು, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದವನು.
"ದೀಪ ಹಚ್ಚಿದ್ದರೆ ತಾನೇ ಎದ್ದು ಬಂದು ಊದುತ್ತಿದ್ದ,"
ಎನ್ನುತ್ತ ಕ್ಯಾನು ಬಾಗಿಸಿದಳು.
ಮರಳು ಸುಂಯ್ ಎಂದಿತು. ನೀರು ಹೋದದ್ದು ಕಾಣಲಿಲ್ಲ.
ಇನ್ನೊಂದನ್ನೂ ಬಾಗಿಸಿದಳು.

ಆಮೇಲೆ ಒಬ್ಬೊಬ್ಬರೇ ಬಾವಿಯ ಕಡೆ ಹೊರಟರು
(ಹಗ್ಗಕ್ಕೆ ಹಗ್ಗ ಗಂಟು ಹಾಕಿದ ವರ್ಷ ಇದು).
ವೈಡಾಸ್ ಕೂಡ ಎದ್ದು, ಬಕೆಟ್ಟು ಮಗುಚಿ, ಸಾಲಿಗೆ ನಿಂತ.
ಆ ರಾತ್ರಿ ಬೆಳಕಿರಲಿಲ್ಲ.
ಒದ್ದೆ ಮಣ್ಣಿನ ವಾಸನೆ ಇತ್ತು, ಎಂಟು ವಾರದ ಮೇಲೆ,
ಅದನ್ನು ಹಿಡಿದೇ ಬಂದಿರಬೇಕು ಅವರು, ಬಂದಿದ್ದರೆ.

ಮರುದಿನ ಮತ್ತೆ ತಕ್ಕಡಿಯ ಮೇಲೆ ಬುಟ್ಟಿ.
"ಬರಿ."
ಸೊನ್ನೆ ಹಾಕಹೋದ ಕೈ ತಡೆದು, ಬರೆದೆ: ಇಲ್ಲ.
ಕನ್ನಡಕ ಏರಿಸಿ ಆ ಪದವನ್ನು ಬಹಳ ಹೊತ್ತು ನೋಡಿದಳು.
ಬುಟ್ಟಿಯಿಂದ ಪೈನ್ ಸೂಜಿಗಳನ್ನು ನನ್ನ ಹೊಸ್ತಿಲಿಗೆ ಒದರಿ,
"ನಾಳೆ ಹೊಳೆಯಾಚೆ ಹೋಗಿ ನೋಡುತ್ತೇನೆ," ಅಂದಳು.
ಅವಳು ತಿರುವು ದಾಟಿದ ಮೇಲೂ
ತಕ್ಕಡಿ ಒಂದಿಷ್ಟು ಹೊತ್ತು ಆಡುತ್ತಲೇ ಇತ್ತು.